ಲ್ಯಾಬ್ರಡಾರ್ ನಾಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮನೆಯಲ್ಲಿ ಹನ್ನೊಂದು ವರ್ಷದ ಕಪ್ಪು ಲ್ಯಾಬ್ರಡಾರ್ ಇದ್ದಾನೆ. ಹೆಸರು ಕರಿಯ. ಅವನ ಜೊತೆ ವಾಕಿಂಗ್ ಹೋದಾಗ ಜನ ನಿಲ್ಲಿಸಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮರಿ ತರಬೇಕೆಂದಿರುವವರು ಕೇಳುತ್ತಾರೆ, ತಂದು ಸುಸ್ತಾದವರೂ ಕೇಳುತ್ತಾರೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲ್ಯಾಬ್ ಅರ್ಥವಾಗಬೇಕಾದರೆ ಅದರ ಬಾಯಿಯಿಂದ ಶುರು ಮಾಡಬೇಕು. ಅದಕ್ಕೆ ಕೆಲಸ ಸಿಕ್ಕಿದ್ದು ಬಾಯಿಯಿಂದ. ಮನೆಯವರಿಗೆ ತಲೆನೋವಾಗುವುದೂ ಬಹುಪಾಲು ಅಲ್ಲಿಂದಲೇ.

ಇದು ಲ್ಯಾಬ್ರಡಾರ್ ಎಂಬ ಊರಿನ ನಾಯಿಯಾ?

ಅಲ್ಲ. ಪಕ್ಕದ ದ್ವೀಪದ್ದು. ಕೆನಡಾದ ಪೂರ್ವ ತುದಿಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಎಂಬ ದೊಡ್ಡ ದ್ವೀಪ ಇದೆ. ಲ್ಯಾಬ್ರಡಾರ್ ಅನ್ನುವುದು ಅದರ ಉತ್ತರಕ್ಕಿರುವ ಮುಖ್ಯಭೂಮಿಯ ಹೆಸರು. ಆಗಿನ ಬ್ರಿಟಿಷರಿಗೆ ಎರಡೂ ಒಂದೇ ಅನಿಸಿರಬೇಕು.

ದ್ವೀಪದ ಮೀನುಗಾರರ ಹತ್ತಿರ ಸೇಂಟ್ ಜಾನ್ಸ್ ನಾಯಿ ಅಂತ ನೀರಿನಲ್ಲಿ ಕೆಲಸ ಮಾಡುವ ಒಂದು ನಾಯಿ ಇತ್ತು. ಮೈಕಟ್ಟು ಮಧ್ಯಮ, ಬಣ್ಣ ಕಪ್ಪು. ಎದೆಯ ಮೇಲೆ, ಪಂಜದ ಮೇಲೆ ಬಿಳಿ ಮಚ್ಚೆ. ಕೂದಲು ಗಿಡ್ಡ, ಹಾಗಾಗಿ ತಣ್ಣನೆಯ ನೀರಿನಿಂದ ಮೇಲೆ ಬಂದರೆ ಮೈಗೆ ಮಂಜುಗಡ್ಡೆ ಅಂಟುತ್ತಿರಲಿಲ್ಲ. ಗಾಳದಿಂದ ಜಾರಿದ ಮೀನನ್ನು ಹಿಡಿದು ತರುವುದು, ಬಲೆಯ ಹಗ್ಗವನ್ನು ಬಾಯಲ್ಲಿ ಕಚ್ಚಿಕೊಂಡು ದೋಣಿಗೆ ಎಳೆದು ತರುವುದು ಅದರ ಕೆಲಸ. ಈಗಿನ ಲ್ಯಾಬ್ ಮನೆಯ ಹೊಸ್ತಿಲಲ್ಲಿ ನಿಮ್ಮ ಚಪ್ಪಲಿ ಕಚ್ಚಿಕೊಂಡು ಬಾಲ ಅಲ್ಲಾಡಿಸುತ್ತಾ ನಿಂತಿರುತ್ತದಲ್ಲ, ಅದು ಈ ಹಳೇ ಕಸುಬಿನ ನೆನಪು.

ಹಾಗಾದರೆ ಬ್ರಿಟನ್‌ಗೆ ಹೋಗಿದ್ದು ಹೇಗೆ?

ಮೀನಿನ ಹಡಗಿನಲ್ಲಿ. ನ್ಯೂಫೌಂಡ್‌ಲ್ಯಾಂಡಿನಿಂದ ಕಾಡ್ ಮೀನು ತುಂಬಿಕೊಂಡ ಹಡಗುಗಳು ಇಂಗ್ಲೆಂಡಿನ ದಕ್ಷಿಣ ತೀರದ ಪೂಲ್ ಬಂದರಿಗೆ ಬರುತ್ತಿದ್ದವು. ನಾವಿಕರ ಜೊತೆ ಈ ನಾಯಿಗಳೂ ಬರುತ್ತಿದ್ದವು. ಬಂದರಿನ ಹತ್ತಿರವೇ ಮಾಮ್ಸ್‌ಬರಿಯ ಅರ್ಲ್ (ಡ್ಯೂಕ್‌ನ ಹಾಗೆ ಇದೂ ಬ್ರಿಟನ್ನಿನ ಒಂದು ದೊಡ್ಡ ಪದವಿ) ಮನೆತನದ ಎಸ್ಟೇಟ್ ಇತ್ತು. ಅವರಿಗೆ ಬಾತುಕೋಳಿ ಬೇಟೆಯ ಹುಚ್ಚು. ನೀರಿಗೆ ಬಿದ್ದ ಹಕ್ಕಿ ತರಲು ಇದಕ್ಕಿಂತ ಒಳ್ಳೆ ನಾಯಿ ಎಲ್ಲಿ ಸಿಗಬೇಕು? 19ನೇ ಶತಮಾನದ ಮೊದಲ ಭಾಗದಲ್ಲೇ ತರಿಸಿಕೊಂಡು ಸಾಕಲು ಶುರು ಮಾಡಿದರು. ಅತ್ತ ಸ್ಕಾಟ್ಲೆಂಡಿನಲ್ಲಿ ಬಕ್ಲೂ ಡ್ಯೂಕ್ ಮನೆತನವೂ ತರಿಸಿಕೊಂಡಿತ್ತು.

ಎರಡು ಮನೆತನಗಳ ಕೊಂಡಿ ಕೂಡಿದ್ದು 1880ರ ದಶಕದಲ್ಲಿ. ಮೂರನೇ ಮಾಮ್ಸ್‌ಬರಿ ಅರ್ಲ್ ಮುದುಕನಾಗಿದ್ದ. ತನ್ನ ನಾಯಿಗಳಲ್ಲಿ ಕೆಲವನ್ನು ಬಕ್ಲೂ ಕಡೆಯವರಿಗೆ ಕೊಟ್ಟ. ಅವುಗಳಲ್ಲಿ ನೆಡ್, ಏವನ್ ಎಂಬ ಎರಡು ಗಂಡುನಾಯಿಗಳ ಹೆಸರು ಇವತ್ತಿಗೂ ತಳಿಯವರ ಬಾಯಲ್ಲಿದೆ. ಈಗಿನ ಲ್ಯಾಬ್‌ಗಳ ವಂಶಾವಳಿ ಹಿಂದೆ ಹಿಂದೆ ಹೋದರೆ ಇವುಗಳ ಹತ್ತಿರ ಬಂದು ನಿಲ್ಲುತ್ತದೆ. ನಾಯಿತಳಿಗಳ ದಾಖಲೆ ಇಡುವ ಬ್ರಿಟನ್ನಿನ ಕೆನಲ್ ಕ್ಲಬ್ ಇದನ್ನು ತಳಿ ಅಂತ ಒಪ್ಪಿದ್ದು 1903ರಲ್ಲಿ, ಅಮೆರಿಕದ ಕೆನಲ್ ಕ್ಲಬ್ 1917ರಲ್ಲಿ.

ತವರಿನ ಕತೆ ಮಾತ್ರ ಚೆನ್ನಾಗಿ ಮುಗಿಯಲಿಲ್ಲ. ನ್ಯೂಫೌಂಡ್‌ಲ್ಯಾಂಡಿನಲ್ಲಿ ಕುರಿ ಸಾಕಣೆ ಬೆಳೆಸಬೇಕೆಂದು ನಾಯಿಗಳ ಮೇಲೆ ತೆರಿಗೆ, ನಿರ್ಬಂಧ ಹೇರಿದರು. ಬ್ರಿಟನ್ ಹೊರಗಿನ ನಾಯಿಗಳಿಗೆ ಕ್ವಾರಂಟೈನ್ ತಂದಿತು. ಸೇಂಟ್ ಜಾನ್ಸ್ ನಾಯಿ ಕಮ್ಮಿಯಾಗುತ್ತಾ ಬಂದು 1980ರ ದಶಕದ ಹೊತ್ತಿಗೆ ಇಲ್ಲವೇ ಆಯಿತು. ಕೆಲವು ಲ್ಯಾಬ್‌ಗಳ ಎದೆಯ ಮೇಲೆ ಈಗಲೂ ಒಂದು ಚಿಕ್ಕ ಬಿಳಿ ಮಚ್ಚೆ ಕಾಣಿಸುತ್ತದೆ. ಕರಿಯನಿಗೂ ಇದೆ, ಹೆಬ್ಬೆರಳಿನಷ್ಟು.

ಇದರ ಪೂರ್ತಿ ಹೆಸರು ಲ್ಯಾಬ್ರಡಾರ್ ರಿಟ್ರೀವರ್ ಅಲ್ವಾ, ರಿಟ್ರೀವರ್ ಅಂದರೇನು?

ಹೊಡೆದುರುಳಿಸಿದ ಹಕ್ಕಿಯನ್ನು ಹುಡುಕಿ ತಂದುಕೊಡುವ ನಾಯಿ. ತರುವುದಷ್ಟೇ ಅಲ್ಲ, ಹಲ್ಲು ನಾಟದ ಹಾಗೆ ತರಬೇಕು. ಹಾಗೆ ತರುವ ನಾಯಿಗೆ ಮೃದು ಬಾಯಿ ಇದೆ ಅನ್ನುತ್ತಾರೆ. ಎಷ್ಟೋ ತಲೆಮಾರು ಇದನ್ನೇ ನೋಡಿ ಆರಿಸಿ ಮರಿ ಮಾಡಿಸಿದ್ದರಿಂದ ಅದು ರಕ್ತದಲ್ಲೇ ಬಂದಿದೆ. ಕರಿಯ ಒಮ್ಮೆ ಅಡುಗೆಮನೆಯಿಂದ ಹಸಿ ಮೊಟ್ಟೆ ಕದ್ದು, ಹಾಸಿಗೆಯ ಮೇಲೆ ತಂದಿಟ್ಟಿದ್ದ. ಜೊಲ್ಲು ಸುರಿಯುತ್ತಿತ್ತು, ಆದರೆ ಒಂದು ಬಿರುಕು ಇರಲಿಲ್ಲ. ತಿನ್ನಬೇಕೋ ಕೊಡಬೇಕೋ ಗೊತ್ತಾಗದೆ ನನ್ನ ಮುಖ ನೋಡುತ್ತಾ ಕೂತಿದ್ದ.

ಯಾವ ಬಣ್ಣದ್ದು ಒಳ್ಳೆಯದು?

ಬಣ್ಣ ನೋಡಿ ನಾಯಿ ತರಬೇಡಿ. ತಳಿಯ ನಿಯಮ ಒಪ್ಪುವುದು ಮೂರೇ ಬಣ್ಣ: ಕಪ್ಪು, ಹಳದಿ, ಚಾಕೊಲೇಟ್. ಹಳದಿಯಲ್ಲೇ ಕೆನೆಯಂಥ ಬಿಳುಪಿನಿಂದ ನರಿಗೆಂಪಿನವರೆಗೆ ಹತ್ತು ಛಾಯೆ. ಮೂರೂ ಬಣ್ಣದ ಮರಿಗಳು ಒಂದೇ ಸೂಲಿನಲ್ಲಿ ಹುಟ್ಟಬಹುದು. ಎರಡು ಜೀನ್‌ಗಳ ಆಟ ಇದು. ಒಂದು ಕಪ್ಪೋ ಚಾಕೊಲೇಟೋ ಅಂತ ತೀರ್ಮಾನಿಸುತ್ತದೆ, ಇನ್ನೊಂದು ಆ ಬಣ್ಣ ಕೂದಲಿಗೆ ಇಳಿಯಬೇಕೋ ಬೇಡವೋ ಅಂತ. ಇಳಿಯದಿದ್ದರೆ ಹಳದಿ.

ಮೊದಮೊದಲು ಕಪ್ಪಿಗೇ ಮರ್ಯಾದೆ. ದಾಖಲೆಯಲ್ಲಿ ಮೊದಲ ಹಳದಿ ಲ್ಯಾಬ್ ಅಂತ ಇರುವುದು 1899ರಲ್ಲಿ ಹುಟ್ಟಿದ ಬೆನ್ ಆಫ್ ಹೈಡ್. ಚಾಕೊಲೇಟ್‌ನ ವಿಷಯದಲ್ಲಿ ಒಂದು ಎಚ್ಚರಿಕೆ. ಬ್ರಿಟನ್ನಿನ ಲ್ಯಾಬ್‌ಗಳ ಮೇಲೆ 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಚಾಕೊಲೇಟ್ ಲ್ಯಾಬ್‌ಗಳಿಗೆ ಕಿವಿ, ಚರ್ಮದ ತೊಂದರೆ ಜಾಸ್ತಿ ಕಂಡಿತು, ಆಯಸ್ಸೂ ಒಂದು ವರ್ಷಕ್ಕಿಂತ ತುಸು ಹೆಚ್ಚೇ ಕಮ್ಮಿ ಇತ್ತು. ಬೇಡಿಕೆ ಇರುವ ಬಣ್ಣಕ್ಕಾಗಿ ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸಿದರೆ ಹೀಗಾಗುವ ಸಾಧ್ಯತೆ ಇದೆ. 'ಅಪರೂಪದ ಬೆಳ್ಳಿ ಬಣ್ಣ' ಅಂತ ಜಾಸ್ತಿ ದುಡ್ಡು ಕೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಎಷ್ಟು ದೊಡ್ಡದಾಗುತ್ತದೆ?

ಭುಜದ ಹತ್ತಿರ ಅಳೆದರೆ 55ರಿಂದ 62 ಸೆಂಟಿಮೀಟರ್. ತೂಕ ಹೆಣ್ಣಾದರೆ 25ರಿಂದ 32 ಕೆ.ಜಿ., ಗಂಡಾದರೆ 29ರಿಂದ 36. ನಲವತ್ತೈದು ಕೆ.ಜಿ. ತೂಗುವ ಲ್ಯಾಬ್ ಇದ್ದರೆ ಅದು 'ಒಳ್ಳೆ ಬೆಳವಣಿಗೆ' ಅಲ್ಲ, ಬೊಜ್ಜು. ಪ್ರದರ್ಶನದ ಸಾಲಿನ, ಅಂದರೆ ಡಾಗ್ ಶೋಗೆಂದೇ ಬೆಳೆಸಿದ ವಂಶದ, ನಾಯಿ ಅಗಲ ತಲೆಯದು, ದಪ್ಪ ಬಾಲದ್ದು, ತುಸು ನಿಧಾನ. ಬೇಟೆಯಂಥ ಕೆಲಸಕ್ಕೆಂದು ಬೆಳೆಸಿದ ಸಾಲಿನದ್ದು ಸಪೂರ, ಚುರುಕು, ಕೂತಲ್ಲಿ ಕೂರುವುದಿಲ್ಲ. ಮರಿ ತರುವಾಗ ಯಾವ ಸಾಲು ಅಂತ ಕೇಳಿಕೊಳ್ಳಿ. ಮುಂದಿನ ಹನ್ನೆರಡು ವರ್ಷ ನೀವು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ ಅನ್ನುವುದು ಇದರ ಮೇಲಿದೆ.

ನಿಜವಾಗಲೂ ಅಷ್ಟು ಸಾಧುನಾ?

ಸಾಧು ಹೌದು, ಸುಲಭ ಅಲ್ಲ. ಜನ ಮೋಸ ಹೋಗುವುದು ಇಲ್ಲೇ. ಕುರುಡರಿಗೆ ದಾರಿ ತೋರುವ ಲ್ಯಾಬ್ ನೋಡಿರುತ್ತಾರೆ, ವಿಮಾನ ನಿಲ್ದಾಣದಲ್ಲಿ ಚೀಲ ಮೂಸುವ ಲ್ಯಾಬ್ ನೋಡಿರುತ್ತಾರೆ. ಹುಟ್ಟುತ್ತಲೇ ಹೀಗಿರುತ್ತದೆ ಅಂದುಕೊಳ್ಳುತ್ತಾರೆ. ಆ ನಾಯಿಗಳ ಹಿಂದೆ ಎರಡು ವರ್ಷದ ತರಬೇತಿ ಇರುತ್ತದೆ. ತರಬೇತಿಗೆ ಸೇರಿದವೆಲ್ಲ ಪಾಸೂ ಆಗುವುದಿಲ್ಲ.

ಮನೆಗೆ ಬರುವ ಲ್ಯಾಬ್ ಮೊದಲ ಎರಡು ವರ್ಷ ಮೂವತ್ತು ಕೆ.ಜಿ. ತೂಕದ ತುಂಟ ಮಗು. ಕೋಪ ಕಮ್ಮಿ, ಜನ ಕಂಡರೆ ಪ್ರಾಣ. ಆದರೆ ಆ ಪ್ರೀತಿಯಲ್ಲೇ ಅಜ್ಜಿಯನ್ನು ಕೆಡವಬಹುದು. ಬಾಲ ಟೀಪಾಯಿಯ ಎತ್ತರಕ್ಕೇ ಇರುತ್ತದೆ, ಒಂದು ಸಲ ಬೀಸಿದರೆ ಮೇಲಿದ್ದ ಲೋಟ ಎಲ್ಲ ನೆಲಕ್ಕೆ. ಹಾರಬಾರದು, ಬೆಲ್ಟ್ ಎಳೆಯಬಾರದು, 'ಬಿಡು' ಅಂದರೆ ಬಾಯಲ್ಲಿದ್ದದ್ದು ಬಿಡಬೇಕು. ಈ ಮೂರನ್ನು ಮರಿಯಿದ್ದಾಗಲೇ ಕಲಿಸಿ. ಕಲಿಸುವುದು ಕಷ್ಟವೇನಲ್ಲ. ಕಿಸೆಯಲ್ಲಿ ತಿಂಡಿಯ ಚೂರಿದ್ದರೆ ಲ್ಯಾಬ್ ಏನು ಬೇಕಾದರೂ ಕಲಿಯುತ್ತದೆ. ಹೊಡೆದು ಕಲಿಸಲು ಹೋದರೆ ಮೆತ್ತಗಿನ ನಾಯಿ ಅಂಜುಬುರುಕ ಆಗುತ್ತದೆ, ಅಷ್ಟೇ.

ಚಿಕ್ಕ ಮಕ್ಕಳ ಜೊತೆ? ಚೆನ್ನಾಗಿ ಹೊಂದುತ್ತದೆ. ಆದರೂ ದೊಡ್ಡವರಿಲ್ಲದೆ ಇಬ್ಬರನ್ನೇ ಬಿಡಬೇಡಿ. ನಾಯಿ ಊಟ ಮಾಡುವಾಗ, ಮಲಗಿರುವಾಗ ಮಗು ಹೋಗಿ ಮೈಮೇಲೆ ಬೀಳಬಾರದು ಅನ್ನುವುದನ್ನು ಮಗುವಿಗೂ ಕಲಿಸಬೇಕಲ್ವಾ?

ಮನೆ ಕಾಯುತ್ತದಾ?

ಬೊಗಳುತ್ತದೆ. ಆ ಬೊಗಳಿನಲ್ಲಿ 'ಯಾರು ಬಂದರು, ತಿನ್ನಲು ಏನು ತಂದರು' ಅನ್ನುವ ವಿಚಾರಣೆಯೇ ಜಾಸ್ತಿ. ಕಾವಲಿಗೇ ನಾಯಿ ಬೇಕಿದ್ದರೆ ಬೇರೆ ತಳಿ ನೋಡಿ.

ಮರಿ ಎಲ್ಲವನ್ನೂ ಕಚ್ಚುತ್ತದೆ, ಏನು ಮಾಡಲಿ?

ನಾಲ್ಕರಿಂದ ಏಳು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ. ಒಸಡು ತುರಿಸುತ್ತದೆ. ಅದರ ಮೇಲೆ ಇದು ಬಾಯಿಯಿಂದಲೇ ಲೋಕ ತಿಳಿಯುವ ನಾಯಿ. ಕಚ್ಚಬೇಡ ಅಂದರೆ ಆಗದು, ಕಚ್ಚಲು ಬೇರೆ ಏನಾದರೂ ಕೊಡಿ. ಗಟ್ಟಿ ರಬ್ಬರ್ ಆಟಿಕೆ, ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ಕ್ಯಾರೆಟ್, ಗಂಟು ಹಾಕಿದ ಒದ್ದೆ ಬಟ್ಟೆ (ನಿಮ್ಮ ಕಣ್ಣೆದುರು ಮಾತ್ರ). ಕೈ ಕಚ್ಚಿದರೆ ಕಿರುಚಾಡದೆ ಸುಮ್ನೆ ಎದ್ದು ಹೋಗಿ. ಆಟ ನಿಂತುಹೋಯಿತು ಅನ್ನುವುದೇ ಅದಕ್ಕೆ ದೊಡ್ಡ ಶಿಕ್ಷೆ.

ಕಚ್ಚುವುದಕ್ಕಿಂತ ನುಂಗುವುದಕ್ಕೆ ಹೆದರಬೇಕು. ಕರಿಯ ಎಂಟು ತಿಂಗಳವನಿದ್ದಾಗ ಒಂದು ಕಾಲುಚೀಲ ಕಾಣೆಯಾಯಿತು. ನಾವು ಒಗೆಯುವ ಬಟ್ಟೆಯಲ್ಲಿ ಹುಡುಕುತ್ತಾ ಇದ್ದೆವು. ಎರಡನೇ ದಿನ ಅವನು ನೀರು ಕುಡಿದರೂ ಕಕ್ಕತೊಡಗಿದ. ಊಟದ ತಟ್ಟೆ ನೋಡಿ ಮುಖ ತಿರುಗಿಸಿದ. ಆಗ ನಮ್ಮ ಎದೆ ಧಸಕ್ಕೆಂದಿತು. ಆಪರೇಷನ್ ಆಯಿತು, ಕರುಳಿನಿಂದ ಕಾಲುಚೀಲ ಇಡಿಯಾಗಿಯೇ ಹೊರಬಂತು. ಲ್ಯಾಬ್ ಊಟ ಬಿಟ್ಟರೆ, ಪದೇ ಪದೇ ವಾಂತಿ ಮಾಡಿದರೆ, 'ನಾಳೆ ನೋಡೋಣ' ಅನ್ನಬೇಡಿ. ಅವತ್ತೇ ಪಶುವೈದ್ಯರ ಹತ್ತಿರ ಹೋಗಿ.

ಎಷ್ಟು ಹಾಕಿದರೂ ಹಸಿವು ಅನ್ನುತ್ತದೆ. ಕಮ್ಮಿ ಹಾಕುತ್ತಿದ್ದೇನಾ?

ಬಹುಶಃ ಇಲ್ಲ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಇದರ ಗುಟ್ಟು ಹಿಡಿದರು. ಪಿಒಎಂಸಿ ಅಂತ ಒಂದು ಜೀನ್ ಇದೆ. ಹೊಟ್ಟೆ ತುಂಬಿತು, ಸಾಕು ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ಕೆಲಸದಲ್ಲಿ ಇದರದ್ದೂ ಒಂದು ಪಾತ್ರ. ಲ್ಯಾಬ್‌ಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ ಈ ಜೀನಿನ ಒಂದು ತುಂಡೇ ಇಲ್ಲ. ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಅದೇ ತಂಡ 2024ರಲ್ಲಿ ಇನ್ನೊಂದು ವಿಷಯ ಹೇಳಿತು. ಇಂಥ ನಾಯಿಗಳು ಸುಮ್ಮನೆ ಮಲಗಿರುವಾಗ ಖರ್ಚು ಮಾಡುವ ಶಕ್ತಿ ಬೇರೆಯವಕ್ಕಿಂತ ಕಾಲುಭಾಗದಷ್ಟು ಕಮ್ಮಿ. ಅಂದರೆ ಹಸಿವು ಜಾಸ್ತಿ, ಖರ್ಚು ಕಮ್ಮಿ. ಪಾಪ, ಎರಡೂ ಕಡೆಯಿಂದ ಪೆಟ್ಟು.

ಇನ್ನೊಂದು ತಮಾಷೆ ಇದೆ. ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ಲ್ಯಾಬ್‌ಗಳಲ್ಲಿ ಈ ಬದಲಾವಣೆ ಇನ್ನೂ ಹೆಚ್ಚು, ಪರೀಕ್ಷಿಸಿದವುಗಳಲ್ಲಿ ನಾಲ್ಕಕ್ಕೆ ಮೂರರಲ್ಲಿ ಸಿಕ್ಕಿತು. ತಿಂಡಿಗಾಗಿ ಬೇಗ ಕಲಿಯುವ ನಾಯಿಗಳನ್ನೇ ಆರಿಸುತ್ತಾ ಹೋದರೆ ಹೊಟ್ಟೆಬಾಕರೇ ಸಿಗುತ್ತಾರೆ, ಇನ್ನೇನು!

ಹಾಗಾಗಿ ಅದರ ಕಣ್ಣು ನೋಡಿ ಊಟ ಹಾಕಬೇಡಿ. ಅಳತೆ ನೋಡಿ ಹಾಕಿ. ಚಿಕ್ಕ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ, ಆರು ತಿಂಗಳ ನಂತರ ಎರಡು ಸಲ. ತರಬೇತಿಯ ತಿಂಡಿಯನ್ನೂ ಆ ದಿನದ ಲೆಕ್ಕದಲ್ಲೇ ಹಿಡಿಯಿರಿ. ಲೋಟದಲ್ಲಿ ಅಳೆಯುವುದಕ್ಕಿಂತ ತೂಕ ಮಾಡುವುದು ಒಳ್ಳೆಯದು. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ವರೂ 'ಇಷ್ಟೇ ಇಷ್ಟು' ಕೊಟ್ಟಿರುತ್ತಾರೆ, ಅದನ್ನೂ ನೋಡಿಕೊಳ್ಳಿ.

ದಪ್ಪ ಆಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ನಿಮ್ಮ ಕೈಯೇ ತಕ್ಕಡಿ. ಒಂದು ಕೈ ಮುಷ್ಟಿ ಹಿಡಿದು ಗೆಣ್ಣುಗಳ ಮೇಲೆ ಬೆರಳಾಡಿಸಿ. ನಾಯಿಯ ಪಕ್ಕೆಲುಬು ಹಾಗೆ ಸಿಕ್ಕಿದರೆ ಅದು ತೀರಾ ಬಡಕಲು. ಈಗ ಮುಷ್ಟಿ ಬಿಚ್ಚಿ ಕೈ ಚಪ್ಪಟೆ ಮಾಡಿ, ಅಂಗೈ ಹಿಂಭಾಗದಲ್ಲಿ ಬೆರಳಾಡಿಸಿ. ಮೂಳೆ ಕಾಣುವುದಿಲ್ಲ, ಆದರೆ ಮೆಲ್ಲಗೆ ಮುಟ್ಟಿದರೂ ಸಿಗುತ್ತದೆ. ಪಕ್ಕೆ ಹಾಗಿರಬೇಕು. ಕೈ ತಿರುಗಿಸಿ ಅಂಗೈಯ ದಪ್ಪ ಭಾಗ ಮುಟ್ಟಿ. ಪಕ್ಕೆ ಹಾಗೆ ಮೆತ್ತಗಿದ್ದರೆ ಊಟ ಇಳಿಸುವ ಹೊತ್ತು ಬಂದಿದೆ. ಮೇಲಿನಿಂದ ನೋಡಿದರೆ ಸೊಂಟ ಒಳಕ್ಕೆ ಬಾಗಿರಬೇಕು.

ನಾನು ಮೊದಲ ಸಲ ಹೀಗೆ ಮುಟ್ಟಿ ನೋಡಿದಾಗ ಕರಿಯನಿಗೆ ನಾಲ್ಕು ವರ್ಷ. ಪಕ್ಕೆಲುಬು ಸಿಗಲೇ ಇಲ್ಲ. ಅವನೋ, ನಾನು ಮುದ್ದು ಮಾಡುತ್ತಿದ್ದೇನೆ ಅಂದುಕೊಂಡು ಅಂಗಾತ ಬಿದ್ದುಕೊಂಡ.

ಇದು ಅಂದದ ಪ್ರಶ್ನೆ ಅಲ್ಲ. ಅಮೆರಿಕದಲ್ಲಿ 48 ಲ್ಯಾಬ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಮ್ಮಿ ಊಟ ಕೊಟ್ಟು ಜೀವನಪೂರ್ತಿ ನೋಡಿದರು. 2002ರಲ್ಲಿ ಫಲಿತಾಂಶ ಬಂತು. ಕಮ್ಮಿ ಉಂಡವು ಸುಮಾರು 13 ವರ್ಷ ಬದುಕಿದ್ದವು, ಜಾಸ್ತಿ ಉಂಡವು 11 ವರ್ಷ ಚಿಲ್ಲರೆ. ಕೀಲುನೋವೂ ಕಮ್ಮಿ ಉಂಡವಕ್ಕೆ ತಡವಾಗಿ ಬಂತು. ಇನ್ನೊಂದು ತುತ್ತು ಹಾಕುವ ಮನಸ್ಸಾದಾಗ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ.

ಏನೇನು ಕೊಡಲೇಬಾರದು?

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಮೆಕಡೇಮಿಯಾ ಬೀಜ, ಮದ್ಯ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿ, ಕೆಲವು ಟೂತ್‌ಪೇಸ್ಟ್‌ಗಳಲ್ಲಿ ಸಿಹಿಗಾಗಿ ಹಾಕುವ ಜೈಲಿಟಾಲ್ ನಾಯಿಗೆ ವಿಷ. ಅದರ ಹಲ್ಲುಜ್ಜಲು ನಿಮ್ಮ ಪೇಸ್ಟ್ ಬಳಸಬೇಡಿ, ನಾಯಿಗಳದ್ದೇ ಸಿಗುತ್ತದೆ. ಜ್ವರ, ನೋವು ಅಂತ ಮನುಷ್ಯರ ಮಾತ್ರೆ ಕೊಡುವುದಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ಅಪಾಯ.

ದಿನಕ್ಕೆ ಎಷ್ಟು ಓಡಾಡಿಸಬೇಕು?

ಬೆಳೆದ ನಾಯಿಗೆ ಒಂದೂವರೆ, ಎರಡು ಗಂಟೆ. ಒಂದೇ ಸಲ ಬೇಡ, ಎರಡು ಹೊತ್ತು. ಅದರಲ್ಲಿ ಸ್ವಲ್ಪ ಹೊತ್ತು ಮೂಗಿಗೆ ಕೆಲಸ ಕೊಡಿ. ಹುಲ್ಲಿನಲ್ಲಿ ತಿಂಡಿ ಎರಚಿ ಹುಡುಕಲು ಬಿಟ್ಟರೆ ಹತ್ತು ನಿಮಿಷಕ್ಕೆ ಸುಸ್ತಾಗಿ ಬಂದು ಮಲಗುತ್ತದೆ. ಚೆಂಡನ್ನೇ ನೂರು ಸಲ ಎಸೆಯುವುದು ನನಗೆ ಇಷ್ಟವಿಲ್ಲ. ಥಟ್ಟನೆ ನಿಂತು ತಿರುಗಿ ಕೀಲು ಸವೆಯುತ್ತದೆ, ತಲೆಗೂ ಚೆಂಡಿನ ಹುಚ್ಚು ಹತ್ತುತ್ತದೆ.

ಮರಿಗಳ ಮೂಳೆ ಒಂದೂವರೆ ವರ್ಷದವರೆಗೂ ಬಲಿಯುತ್ತಾ ಇರುತ್ತದೆ. ಅಲ್ಲಿಯವರೆಗೆ ದೂರದ ಓಟ, ಮೆಟ್ಟಿಲು ಹತ್ತಿ ಇಳಿಯುವ ಆಟ, ಎತ್ತರದಿಂದ ಹಾರಿಸುವುದು ಬೇಡ.

ಈಜು ಕಲಿಸಬೇಕಾ?

ಕಲಿಸುವುದಕ್ಕಿಂತ ತಡೆಯುವುದೇ ಕಷ್ಟ. ಬೆರಳುಗಳ ನಡುವೆ ಚರ್ಮದ ಪೊರೆ ಇದೆ. ಬುಡ ದಪ್ಪ, ತುದಿ ಸಪೂರ ಆದ ಬಾಲ ಚುಕ್ಕಾಣಿಯ ಹಾಗೆ ತಿರುಗುತ್ತದೆ. ಕೆಲವು ಮರಿಗಳು ಮೊದಲು ಹೆದರುತ್ತವೆ, ನೀರಿಗೆ ಎಸೆಯಬೇಡಿ, ಆಳವಿಲ್ಲದ ಕಡೆ ನೀವೇ ಇಳಿದು ಕರೆಯಿರಿ. ತಣ್ಣೀರಿನಲ್ಲಿ ಜಾಸ್ತಿ ಈಜಿದ ಮಾರನೇ ದಿನ ಬಾಲ ಸತ್ತ ಹಾವಿನ ಹಾಗೆ ಜೋತುಬೀಳಬಹುದು. ಮುರಿದಿರುವುದಿಲ್ಲ, ಬುಡದ ಸ್ನಾಯು ನೋಯುತ್ತಿರುತ್ತದೆ. ವಿಶ್ರಾಂತಿ ಕೊಟ್ಟರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ನೋವು ಜಾಸ್ತಿ ಇದ್ದರೆ ವೈದ್ಯರಿಗೆ ತೋರಿಸಿ.

ಕೂದಲು ಗಿಡ್ಡ ಅಲ್ವಾ, ಉದುರುವುದಿಲ್ಲ ತಾನೇ?

ಹಾಗಂತ ನಂಬಿ ಎಷ್ಟು ಜನ ಕೆಟ್ಟರೋ! ಎರಡು ಪದರದ ಕೂದಲು ಇದು. ಮೇಲಿನದು ಒರಟು, ಒಳಗಿನದು ಮೆತ್ತಗೆ ಹತ್ತಿಯ ಹಾಗೆ. ವರ್ಷಪೂರ್ತಿ ಉದುರುತ್ತದೆ, ಋತು ಬದಲಾಗುವಾಗ ವರ್ಷಕ್ಕೆ ಎರಡು ಸಲ ರಾಶಿರಾಶಿ. ವಾರಕ್ಕೆರಡು ಸಲ ಬಾಚಿ. ಸ್ನಾನ ಒಂದೆರಡು ತಿಂಗಳಿಗೊಮ್ಮೆ ಸಾಕು, ಜಾಸ್ತಿ ಆದರೆ ನೀರು ತಡೆಯುವ ಎಣ್ಣೆಯಂಶ ಹೋಗುತ್ತದೆ. ಸೆಕೆ ಅಂತ ಬೋಳಿಸಬೇಡಿ. ಆ ಕೂದಲು ಬಿಸಿಲನ್ನೂ ತಡೆಯುತ್ತದೆ.

ಕಿವಿಯಿಂದ ವಾಸನೆ ಬರುತ್ತಿದೆ, ಯಾಕೆ?

ಜೋತುಬಿದ್ದ ಕಿವಿಯೊಳಗೆ ಗಾಳಿ ಆಡುವುದಿಲ್ಲ. ಒದ್ದೆ ಉಳಿದರೆ ಯೀಸ್ಟ್ ಬೆಳೆಯುತ್ತದೆ. ಈಜಿದ ಮೇಲೆ, ಸ್ನಾನದ ಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಕಡ್ಡಿ ಹಾಕಬೇಡಿ. ತಲೆ ಕೊಡವುತ್ತಲೇ ಇದ್ದರೆ, ಒಳಗೆ ಕೆಂಪಗಿದ್ದರೆ ಔಷಧಿ ಬೇಕು. ಪದೇ ಪದೇ ಬರುತ್ತಿದ್ದರೆ ಅಲರ್ಜಿ ಇರಬಹುದು, ಅದನ್ನೂ ಕೇಳಿ.

ಬಿಸಿಲು ತಡೆಯುತ್ತದಾ?

ಕಷ್ಟ. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ತಣ್ಣಗಾಗಬೇಕು. ದಪ್ಪಗಿದ್ದರೆ ಇನ್ನೂ ಕಷ್ಟ. ತಂಪು ಹೊತ್ತಿನಲ್ಲಿ ಮಾತ್ರ ಓಡಾಡಿಸಿ. ನೆಲಕ್ಕೆ ನಿಮ್ಮ ಕೈಯ ಹಿಂಭಾಗ ಐದಾರು ಸೆಕೆಂಡ್ ಇಟ್ಟು ನೋಡಿ, ನಿಮಗೆ ಸುಟ್ಟರೆ ಅದರ ಪಂಜಕ್ಕೂ ಸುಡುತ್ತದೆ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೂ ಬಿಡಬೇಡಿ. ಏದುಸಿರು ನಿಲ್ಲದಿದ್ದರೆ, ಒಸಡು ಕಡುಗೆಂಪಾದರೆ, ನಡಿಗೆ ತೂರಾಡಿದರೆ ಮೊದಲು ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಹಾಕಿ. ಆಮೇಲೆ ಆಸ್ಪತ್ರೆಗೆ ಓಡಿ.

ಮರಿ ತರುವಾಗ ಏನು ಕೇಳಬೇಕು?

ತಾಯಿಯನ್ನು ತೋರಿಸಿ ಅನ್ನಿ. ತೋರಿಸದಿದ್ದರೆ ಅಲ್ಲಿಗೇ ಬಿಡಿ. ಅಪ್ಪ ಅಮ್ಮ ಎರಡಕ್ಕೂ ಸೊಂಟ, ಮೊಣಕೈ ಕೀಲಿನ ಎಕ್ಸ್‌ರೇ ಆಗಿದೆಯಾ, ಕಣ್ಣಿನ ಪರೀಕ್ಷೆ ಆಗಿದೆಯಾ ಕೇಳಿ. ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ಈ ತಳಿಯಲ್ಲಿ ಮಾಮೂಲಿ. ಡಿಎನ್‌ಎ ಪರೀಕ್ಷೆಯಲ್ಲಿ ಎರಡು ಮುಖ್ಯ. ಒಂದು, ನಿಧಾನವಾಗಿ ದೃಷ್ಟಿ ಹೋಗುವ ಕಣ್ಣಿನ ಕಾಯಿಲೆ. ಇನ್ನೊಂದು, ಜೋರಾಗಿ ಓಡಿದ ಐದು ಹತ್ತು ನಿಮಿಷಕ್ಕೆ ಹಿಂಗಾಲು ಸೋತು ಕುಸಿಯುವ ತೊಂದರೆ. ಇವುಗಳ ಕೆಟ್ಟ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಮರಿಗೆ ಈ ತೊಂದರೆ ಬರುತ್ತದೆ. ಹಾಗಾಗಿ ಪರೀಕ್ಷೆ ಮಾಡಿಸಿ ಜೋಡಿ ಕೂಡಿಸಿದರೆ ತಪ್ಪಿಸಬಹುದು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ತಂದ ವಾರದಲ್ಲೇ ವೈದ್ಯರ ಹತ್ತಿರ ಹೋಗಿ ಲಸಿಕೆ, ಜಂತುಹುಳದ ಔಷಧಿಯ ಪಟ್ಟಿ ಮಾಡಿಸಿಕೊಳ್ಳಿ. ರೇಬೀಸ್ ಲಸಿಕೆ ಮರೆಯುವ ಹಾಗೇ ಇಲ್ಲ.

ಸಂತಾನಹರಣ ಚಿಕಿತ್ಸೆ ಯಾವಾಗ?

ಆರು ತಿಂಗಳೊಳಗೆ ಮಾಡಿಸಿದ ಲ್ಯಾಬ್‌ಗಳಲ್ಲಿ ಕೀಲಿನ ತೊಂದರೆ ಜಾಸ್ತಿ ಅಂತ ಕಂಡುಬಂದಿದೆ. ಮೈ ಬಲಿಯುವವರೆಗೆ ಕಾದು, ನಿಮ್ಮ ವೈದ್ಯರ ಜೊತೆ ಮಾತಾಡಿ. ಆದಮೇಲೆ ಊಟ ಸ್ವಲ್ಪ ಇಳಿಸಿ, ತೂಕ ಬೇಗ ಏರುತ್ತದೆ.

ಹಗಲೆಲ್ಲ ಒಂಟಿಯಾಗಿ ಇರುತ್ತದಾ?

ಇರುತ್ತದೆ, ನಿಮ್ಮ ಸೋಫಾ ಇರುವುದಿಲ್ಲ. ನಾಲ್ಕು ಗಂಟೆಗಿಂತ ಜಾಸ್ತಿ ದಿನಾ ಬಿಟ್ಟು ಹೋಗುವವರು ನೋಡಿಕೊಳ್ಳಲು ಯಾರಾದರೂ ಇದ್ದಾರಾ ಅಂತ ಯೋಚಿಸಿ ತನ್ನಿ. ಹಿತ್ತಲಲ್ಲಿ ಚೈನ್ ಹಾಕಿ ಕಟ್ಟುವುದಾದರೆ ತರಲೇಬೇಡಿ.

ಎಷ್ಟು ವರ್ಷ ಬದುಕುತ್ತದೆ? ಮುದಿಯಾದ ಮೇಲೆ ಏನು ನೋಡಿಕೊಳ್ಳಬೇಕು?

ಸುಮಾರು ಹನ್ನೆರಡು. ಎಂಟಾದ ಮೇಲೆ ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಿಸಿ. ನುಣುಪು ನೆಲದಲ್ಲಿ ಹಿಂಗಾಲು ಜಾರುತ್ತದೆ, ಚಾಪೆ ಹಾಸಿ. ಬೊಗಳುವ ದನಿ ಗೊಗ್ಗರಾದರೆ, ಉಸಿರಾಡುವಾಗ ಸದ್ದು ಬಂದರೆ ಗಂಟಲ ಬಾಗಿಲು ಪೂರ್ತಿ ತೆರೆಯುತ್ತಿಲ್ಲ ಅಂತ ಅರ್ಥ ಇರಬಹುದು. ಮುದಿ ಲ್ಯಾಬ್‌ಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ, ವಯಸ್ಸಾಯಿತು ಅಂತ ಬಿಡಬೇಡಿ. ಮೈಮೇಲೆ ಗಂಟು ಸಿಕ್ಕಿದರೆ ಹೆಚ್ಚಿನವು ಬರೀ ಕೊಬ್ಬಿನವು. ಆದರೂ ಸೂಜಿ ಹಾಕಿ ಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ.

ಕಿವಿಯೂ ಮಂದವಾಗುತ್ತದೆ. ಕರಿಯನನ್ನು ಹಿಂದಿನಿಂದ ಕರೆದರೆ ಈಗ ತಿರುಗುವುದಿಲ್ಲ. ಊಟದ ಡಬ್ಬದ ಮುಚ್ಚಳ ತೆಗೆದರೆ ಮಾತ್ರ ಎರಡು ಕೋಣೆ ಆಚೆಯಿಂದ ಎದ್ದು ಬರುತ್ತಾನೆ, ಅದು ಹೇಗೋ ಏನೋ. 'ಬಾ', 'ಕೂರು', 'ನಿಲ್ಲು' ಇವಕ್ಕೆ ಮರಿಯಿದ್ದಾಗಲೇ ಮಾತಿನ ಜೊತೆ ಕೈಸನ್ನೆಯನ್ನೂ ಕಲಿಸಿಡಿ. ನಾನು ಅದನ್ನು ಒಂಬತ್ತನೇ ವರ್ಷಕ್ಕೆ ಶುರು ಮಾಡಿದೆ. ಒಂದು ವಾರ ಹಿಡಿಯಿತು, ಒಂದು ಕ್ಯಾರೆಟ್ ಖರ್ಚಾಯಿತು.